ತೂಕ ಇಳಿಸುವ ಆಪರೇಷನ್ ನಂತರ ಜೈನರ ಊಟ, ವಿಟಮಿನ್ ಮತ್ತು ಉಪವಾಸ



ತೂಕ ಇಳಿಸಲು ಜಠರದ ಆಪರೇಷನ್ ಮಾಡಿಸಿಕೊಂಡು ಬಂದವರ ಫೈಲಿನಲ್ಲಿ ಒಂದು ಊಟದ ಪಟ್ಟಿ ಇರುತ್ತದೆ. ಬೆಂಗಳೂರಿನದಿರಲಿ, ಪುಣೆಯದಿರಲಿ, ನಾನು ನೋಡಿದ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಇದ್ದವು. ಮೊದಲ ವಾರ ತಿಳಿ ಸೂಪು, ಆಮೇಲೆ ಮೊಟ್ಟೆಯ ಬಿಳಿ ಭಾಗ, ಹಿಸುಕಿದ ಬಟಾಟೆ, ಗಜ್ಜರಿ ಸೂಪು, ಸ್ವಲ್ಪ ದಿನ ಬಿಟ್ಟು ಕೋಳಿ, ಮೀನು. ಮನೆಗೆ ಬಂದ ಮೇಲೆ ನಾವು ಪೆನ್ನು ಹಿಡಿದು ಒಂದೊಂದನ್ನೇ ಹೊಡೆದುಹಾಕುತ್ತೇವೆ. ಕೊನೆಗೆ ಉಳಿಯುವುದು ಗಂಜಿ, ಮಜ್ಜಿಗೆ, ಚಹಾ. ನಮ್ಮ ಧರ್ಮಕ್ಕೆ ಒಗ್ಗದ್ದನ್ನು ಹೊಡೆದುಹಾಕುವುದು ಸರಿಯೇ. ಆದರೆ ಆ ಜಾಗದಲ್ಲಿ ಬೇರೇನೂ ಬರೆಯದೆ ಖಾಲಿ ಬಿಟ್ಟರೆ ಆರು ತಿಂಗಳೊಳಗೆ ಕೂದಲು ಉದುರುತ್ತದೆ, ವರ್ಷದೊಳಗೆ ರಕ್ತ ಕಡಿಮೆಯಾಗುತ್ತದೆ, ಎರಡು ಮೂರು ವರ್ಷಕ್ಕೆ ನರಗಳಿಗೆ ಪೆಟ್ಟು ಬೀಳುತ್ತದೆ.

ಈ ಪೆಟ್ಟನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ. ನನ್ನ ತಮ್ಮನ ಹೆಂಡತಿಗೆ ಬೈಪಾಸ್ ಆಪರೇಷನ್ ಆಗಿತ್ತು. ತೂಕ ಇಳಿಯಿತು, ಸಕ್ಕರೆ ಕಾಯಿಲೆಯ ಗುಳಿಗೆ ನಿಂತವು, ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎರಡು ವರ್ಷದ ನಂತರ ವಿಟಮಿನ್ ಗುಳಿಗೆಗಳನ್ನೂ ಬಿಟ್ಟರು. ‘ಆರಾಮ ಇದ್ದೀಯಲ್ಲ, ಇನ್ನೂ ಯಾಕವ್ವಾ ಇಷ್ಟು ಗುಳಿಗಿ’ ಎಂದವನು ನಾನೇ. ಮುಂದಿನ ವರ್ಷ ಒಂದು ದಿನ ಬಸದಿಗೆ ಹೋಗುವಾಗ ಅವರ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಬಿದ್ದಿತ್ತು. ಹಿಂದೆ ಬರುತ್ತಿದ್ದ ಹುಡುಗಿ ಕೂಗಿ ಹೇಳುವವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕೆಳಗಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಸುಸ್ತು ಹೋಯಿತು, ನಡಿಗೆ ಸರಿಯಾಯಿತು. ಎಡಗಾಲಿನ ಬೆರಳುಗಳ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಅಂದಿನಿಂದ ಈ ವಿಷಯ ಕೇಳಿ ತಿಳಿದುಕೊಳ್ಳುತ್ತ ಬಂದಿದ್ದೇನೆ. ದವಾಖಾನೆಗೆ ಹೋಗುವ ನಮ್ಮ ಸಮಾಜದವರ ಜೊತೆ ಹೋದಾಗಲೂ ಡಾಕ್ಟರರನ್ನು ಕೇಳುತ್ತೇನೆ. ನಾನು ವ್ಯಾಪಾರಿ, ವೈದ್ಯನಲ್ಲ. ಇಲ್ಲಿರುವ ಪ್ರಮಾಣಗಳನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ನಡೆಯಿರಿ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ, ಇದು ಬೇರೆ. ಅದು ಅಂದಕ್ಕಾಗಿ ಮಾಡಿಸುವುದು, ಅದರಲ್ಲಿ ಜಠರಕ್ಕೆ ಕೈ ಹಚ್ಚುವುದಿಲ್ಲ. ಈ ಲೇಖನ ಜಠರದ ಆಪರೇಷನ್ ಆದವರಿಗೆ, ಅಂದರೆ ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಮಾತ್ರ.

ಒಳಗೆ ಏನು ಬದಲಾಗುತ್ತದೆ

ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಕರುಳಿನ ಮೊದಲ ಭಾಗಕ್ಕೆ ಅನ್ನ ಹೋಗುವುದೇ ಇಲ್ಲ. ಕಬ್ಬಿಣದ ಅಂಶ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವುದು ಆ ಮೊದಲ ಭಾಗದಲ್ಲೇ. ಹೀಗಾಗಿ ಪಾಲಕ್ ಎಷ್ಟು ತಿಂದರೂ, ಹಾಲು ಎಷ್ಟು ಕುಡಿದರೂ ಮೊದಲಿನಷ್ಟು ಮೈಗೆ ಹತ್ತುವುದಿಲ್ಲ. ಸ್ಲೀವ್ ಆದವರಿಗೆ ಈ ತೊಂದರೆ ಸ್ವಲ್ಪ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಬಿ12 ನಮ್ಮವರಿಗೆ ಮುಖ್ಯ

ಬಿ12 ವಿಟಮಿನ್ ಮಾಂಸ, ಮೊಟ್ಟೆ, ಮೀನು, ಹಾಲಿನಲ್ಲಿ ಇದೆ. ಕಾಳು, ಕಾಯಿಪಲ್ಯ, ಹಣ್ಣಿನಲ್ಲಿ ಇಲ್ಲವೆಂದೇ ಹೇಳಬೇಕು. ನಮಗೆ ಸಿಗುವ ದಾರಿ ಹಾಲು, ಮೊಸರು ಮಾತ್ರ. ಅದರಿಂದ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಬಿಡಿಸಿಕೊಂಡದ್ದನ್ನು ಕರುಳಿನ ಕೊನೆಯವರೆಗೆ ಮುಟ್ಟಿಸಲು ಜಠರದ ಗೋಡೆಯೇ ತಯಾರಿಸುವ ಇನ್ನೊಂದು ವಸ್ತು ಬೇಕು. ಅಮೆರಿಕದ ವೈದ್ಯ ವಿಲಿಯಂ ಕ್ಯಾಸಲ್ ಈ ವಸ್ತು ಇದೆಯೆಂದು ತೋರಿಸಿದ್ದು 1929ರ ಹೊತ್ತಿಗೆ. ಆಪರೇಷನ್ ಆದ ಮೇಲೆ ಆಮ್ಲವೂ ಕಡಿಮೆ, ಆ ವಸ್ತುವೂ ಕಡಿಮೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್ ಬಹಳ ಕಾಲ ನುಂಗುವವರಿಗೆ ಇನ್ನೂ ಕಡಿಮೆ.

ಯಕೃತ್ತಿನಲ್ಲಿ ಬಿ12 ಕೆಲವು ವರ್ಷಕ್ಕಾಗುವಷ್ಟು ಕೂಡಿಟ್ಟಿರುತ್ತದೆ. ಅದಕ್ಕೇ ಗುಳಿಗೆ ಬಿಟ್ಟ ಕೂಡಲೇ ಏನೂ ಆಗುವುದಿಲ್ಲ, ಧೈರ್ಯ ಬಂದುಬಿಡುತ್ತದೆ. ಹುಟ್ಟಿನಿಂದ ಶಾಕಾಹಾರಿಗಳಾದ ನಮ್ಮ ಗಂಟು ಮೊದಲೇ ಸಣ್ಣದು. ಆದ್ದರಿಂದ ಆಪರೇಷನ್‌ಗೆ ಮುಂಚೆಯೇ ಬಿ12 ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತುಂಬಿಸಿಕೊಂಡೇ ಆಪರೇಷನ್‌ಗೆ ಹೋಗುವುದು ಒಳ್ಳೆಯದು. ಲ್ಯಾಬಿನ ಚೀಟಿಯಲ್ಲಿ 200ಕ್ಕಿಂತ ಕಡಿಮೆ ಇದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ‘ನಾರ್ಮಲ್’ ಎಂದು ಅಚ್ಚಾಗಿದ್ದರೂ ಡಾಕ್ಟರನ್ನು ಕೇಳಿ. ಆಪರೇಷನ್ ಆದವರಿಗೆ ಅದು ನೆಮ್ಮದಿಯ ಅಂಕಿಯಲ್ಲ.

ಇನ್ನೊಂದು ಮಾತು. ನಾವು ಕಾಳು, ಸೊಪ್ಪು ತಿನ್ನುವವರಾದ್ದರಿಂದ ಫೋಲಿಕ್ ಆಮ್ಲ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಫೋಲಿಕ್ ಗುಳಿಗೆಯನ್ನಷ್ಟೇ ನುಂಗಿದರೆ ರಕ್ತದ ಲೆಕ್ಕ ಸರಿಯಾಗಿ ಕಾಣುತ್ತದೆ, ಬಿ12 ಕೊರತೆಯಿಂದ ನರ ಹಾಳಾಗುವುದು ಒಳಗೊಳಗೇ ನಡೆದಿರುತ್ತದೆ. ಹಿಮೋಗ್ಲೋಬಿನ್ 12 ಇದೆ, ಎಲ್ಲ ಸರಿ ಇದೆ ಎಂದು ಕೈ ಬಿಡಬೇಡಿ.

ಎಷ್ಟು, ಯಾವ ಹೊತ್ತಿಗೆ

ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳ ಸಂಘ 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇರುವ ದಿನದ ಪ್ರಮಾಣ ಹೀಗಿದೆ. ಬಿ12 ಬಾಯಿಯಿಂದಾದರೆ 350ರಿಂದ 1000 ಮೈಕ್ರೊಗ್ರಾಂ, ಇಂಜೆಕ್ಷನ್ ಆದರೆ ತಿಂಗಳಿಗೆ 1000 ಮೈಕ್ರೊಗ್ರಾಂ. ಕ್ಯಾಲ್ಸಿಯಂ ಊಟದ್ದೂ ಸೇರಿ 1200ರಿಂದ 1500 ಮಿಲಿಗ್ರಾಂ. ವಿಟಮಿನ್ ಡಿ 3000 ಯೂನಿಟ್, ರಕ್ತದಲ್ಲಿ 30 ದಾಟುವವರೆಗೆ. ಕಬ್ಬಿಣ ಗಂಡಸರಿಗೆ 18 ಮಿಲಿಗ್ರಾಂ, ಮುಟ್ಟಾಗುವ ಹೆಣ್ಣುಮಕ್ಕಳಿಗೂ ಬೈಪಾಸ್ ಆದವರಿಗೂ 45ರಿಂದ 60. ಬಿ1, ಅಂದರೆ ಥಯಾಮಿನ್, ಕನಿಷ್ಠ 12 ಮಿಲಿಗ್ರಾಂ. ಕ್ಯಾಲ್ಸಿಯಂ ಕೊಳ್ಳುವಾಗ ಸಿಟ್ರೇಟ್ ಕೇಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರ್ಬೋನೇಟ್ ಕರಗಲು ಆಮ್ಲ ಬೇಕು, ಆಪರೇಷನ್ ಆದವರಲ್ಲಿ ಅದೇ ಕಡಿಮೆ.

ಕ್ಯಾಲ್ಸಿಯಂ ಒಂದೇ ಸಲ 500–600 ಮಿಲಿಗ್ರಾಂಗಿಂತ ಹೆಚ್ಚು ಹೀರಿಕೆಯಾಗುವುದಿಲ್ಲ, ಆದ್ದರಿಂದ ಎರಡು ಮೂರು ಸಲ ಹಂಚಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ತಾಸು ಅಂತರ ಬೇಕು. ಕಬ್ಬಿಣದ ಗುಳಿಗೆಯ ಹಿಂದೆ ಮುಂದೆ ಚಹಾ ಬೇಡ. ಬೇರೆಯವರು ‘ರಾತ್ರಿ ಮಲಗುವಾಗ ಒಂದು’ ಎಂದು ಸುಲಭವಾಗಿ ಮುಗಿಸುತ್ತಾರೆ. ಸೂರ್ಯಾಸ್ತದ ನಂತರ ಬಾಯಿಗೆ ನೀರೂ ಹಾಕದ ನಮ್ಮವರಿಗೆ ಇದು ದೊಡ್ಡ ಲೆಕ್ಕ. ವಿಜಯಪುರದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಏಳರ ಸುಮಾರಿಗೆ, ಡಿಸೆಂಬರ್ ಮೊದಲ ವಾರದಲ್ಲಿ ಆರಕ್ಕೆ ಮೊದಲೇ. ಚಳಿಗಾಲದಲ್ಲಿ ನವಕಾರಸಿ ಮಾಡುವವರು ಸೂರ್ಯೋದಯದ ನಂತರ 48 ನಿಮಿಷ ಕಾಯುತ್ತಾರೆ. ಆಗ ಉಳಿಯುವುದು ಹತ್ತು ತಾಸು ಚಿಲ್ಲರೆ. ಅಷ್ಟರಲ್ಲಿ ಐದಾರು ಸಣ್ಣ ಊಟ, ಒಂದೂವರೆ ಲೀಟರ್ ನೀರು, ಎಲ್ಲ ಗುಳಿಗೆ ಮುಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಮುಂದೆ ಹಿಂದೆ ಅರ್ಧ ತಾಸು ಬಿಡಬೇಕು, ಕುಡಿಯುವಾಗಲೂ ಗುಟುಕು ಗುಟುಕಾಗಿ.

ನಮ್ಮ ಮನೆಯಲ್ಲಿ ಡಾಕ್ಟರಿಗೆ ತೋರಿಸಿ ಗೋಡೆಗೆ ಅಂಟಿಸಿರುವ ಚಳಿಗಾಲದ ವೇಳಾಪಟ್ಟಿ ಇದು: ಏಳೂವರೆಗೆ ನಿಂಬೆ ಹಿಂಡಿದ ನೀರಿನ ಜೊತೆ ಕಬ್ಬಿಣ (ಹುಳಿ ಇದ್ದರೆ ಚೆನ್ನಾಗಿ ಹತ್ತುತ್ತದೆ, ಇಂಡಿ ನಿಂಬೆ ನಮ್ಮ ಜಿಲ್ಲೆಯದೇ), ಹತ್ತಕ್ಕೆ ಕ್ಯಾಲ್ಸಿಯಂ, ಹನ್ನೆರಡೂವರೆಗೆ ಊಟದ ನಂತರ ಮಲ್ಟಿವಿಟಮಿನ್, ಮೂರಕ್ಕೆ ಎರಡನೇ ಕ್ಯಾಲ್ಸಿಯಂ, ಐದೂವರೆಗೆ ಮೂರನೆಯದು. ಅಂಗಡಿಯಲ್ಲಿ ಕೂರುವವರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು. ಗಿರಾಕಿ ಬಂದರೆ ಮರೆತೇ ಹೋಗುತ್ತದೆ.

ಆಪರೇಷನ್ ಆದ ಮೊದಲ ತಿಂಗಳು ಮಾತ್ರ ರಾತ್ರಿ ನೀರು ಬಿಡುವುದು ಅಪಾಯ. ಮೇ ತಿಂಗಳ ನಮ್ಮ ಬಿಸಿಲಿನಲ್ಲಂತೂ ಹೇಳಲೇಬೇಡಿ. ಪಚ್ಚಕ್ಖಾಣದ ಪಾಠದಲ್ಲೇ ಸಮಾಧಿ ಕೆಡದಂತೆ ಔಷಧಕ್ಕೆ ವಿನಾಯಿತಿ ಇದೆ. ಆಪರೇಷನ್ ದಿನಾಂಕ ಗೊತ್ತಾದ ಕೂಡಲೇ ಮುನಿಮಹಾರಾಜರ ಅಥವಾ ಮಾತಾಜಿಯವರ ಬಳಿ ಹೋಗಿ, ಎಷ್ಟು ದಿನಕ್ಕೆ ಯಾವ ಸಡಿಲಿಕೆ ಎಂದು ಮೊದಲೇ ಕೇಳಿಕೊಳ್ಳಿ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ‘ಕುಡಿಯಲೋ ಬೇಡವೋ’ ಎಂದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಗುಳಿಗೆ ಯಾವುದರಿಂದ ಮಾಡಿದ್ದು

ಗುಳಿಗೆ ಬಿಡಲು ನಮ್ಮವರು ಕೊಡುವ ದೊಡ್ಡ ಕಾರಣ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿ12 ಬಗ್ಗೆ ಅನುಮಾನ ಬೇಡ. ಅದನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ತಯಾರಿಸುತ್ತಾರೆ, ಪ್ರಾಣಿಯ ಮಾಂಸದಿಂದ ತೆಗೆಯುವುದಿಲ್ಲ. ಸೂಕ್ಷ್ಮಜೀವಿಯ ಮಾತೂ ಬಂತಲ್ಲ ಎನ್ನುವವರು ಮೊಸರು ಹೇಗಾಗುತ್ತದೆ ಎಂದು ಯೋಚಿಸಲಿ.

ತೊಂದರೆ ಇರುವುದು ಹೊರಗಿನ ಚಿಪ್ಪಿನಲ್ಲಿ. ಮೆತ್ತಗಿನ ಕ್ಯಾಪ್ಸೂಲ್‌ಗಳು ಹೆಚ್ಚಾಗಿ ಜೆಲಟಿನ್‌ನವು. ಜೆಲಟಿನ್ ಬರುವುದು ದನದಂಥ ಪ್ರಾಣಿಗಳ ಎಲುಬು, ಚರ್ಮದಿಂದ. ಮಕ್ಕಳ ಮಿಠಾಯಿಯಂತಿರುವ ಗಮ್ಮಿ ವಿಟಮಿನ್‌ಗಳಲ್ಲೂ ಅದೇ ಇರುತ್ತದೆ. ಬದಲಿಗೆ ಸಸ್ಯದ ನಾರಿನಿಂದ ಮಾಡಿದ ಕ್ಯಾಪ್ಸೂಲ್ ಸಿಗುತ್ತವೆ, ಡಬ್ಬಿಯ ಮೇಲೆ ಎಚ್‌ಪಿಎಂಸಿ ಎಂದಿರುತ್ತದೆ. ಇಲ್ಲವಾದರೆ ಸಾದಾ ಗುಳಿಗೆ, ಪುಡಿ, ನಾಲಿಗೆ ಕೆಳಗೆ ಇಡುವ ಗುಳಿಗೆ ಕೇಳಿ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಉಣ್ಣೆ ಕತ್ತರಿಸುವುದೂ ಬೇಡ ಎನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಇದೆ, ಡಿ2 ಎಂಬ ಬೇರೆ ರೂಪವೂ ಇದೆ. ಕ್ಯಾಲ್ಸಿಯಂ ಡಬ್ಬಿಯಲ್ಲಿ ‘ಆಯ್‌ಸ್ಟರ್ ಶೆಲ್’ ಎಂದಿದ್ದರೆ ಅದು ಸಿಂಪಿಯ ಚಿಪ್ಪು. ಒಮೆಗಾ-3 ಎಂದರೆ ಬಹುಪಾಲು ಮೀನೆಣ್ಣೆ. ಕೆಲವು ರಕ್ತವರ್ಧಕ ಟಾನಿಕ್‌ಗಳಲ್ಲಿ ಹಿಂದೆ ಪ್ರಾಣಿರಕ್ತದ ಹಿಮೋಗ್ಲೋಬಿನ್ ಹಾಕುತ್ತಿದ್ದರು. ಬಾಟಲಿಯ ಮೇಲೆ ಹಿಮೋಗ್ಲೋಬಿನ್ ಎಂಬ ಹೆಸರಿದ್ದರೆ ಕೇಳದೆ ಕೊಳ್ಳಬೇಡಿ.

ಹಸಿರು ಚುಕ್ಕೆಯನ್ನು ನಂಬಿ ಕುಳಿತರೆ ಸಾಲದು. ಆಹಾರವೆಂದು ಮಾರುವ ಪ್ರೋಟೀನ್ ಪುಡಿ, ಪೌಷ್ಟಿಕ ಗುಳಿಗೆಗಳ ಮೇಲೆ ಚುಕ್ಕೆ ಇರುತ್ತದೆ. ಔಷಧವೆಂದು ಮಾರುವ ಗುಳಿಗೆಗಳಿಗೆ ಆ ಚುಕ್ಕೆ ಕಡ್ಡಾಯವಿಲ್ಲ. ಚುಕ್ಕೆ ಇಲ್ಲದ ಮಾತ್ರಕ್ಕೆ ಮಾಂಸಾಹಾರ ಎಂದೂ ಅಲ್ಲ. ಅಂಗಡಿಯವರನ್ನು ಕೇಳಿ, ತಿಳಿಯದಿದ್ದರೆ ಡಬ್ಬಿಯ ಮೇಲಿನ ಕಂಪನಿಯ ನಂಬರಿಗೆ ಫೋನ್ ಮಾಡಿ. ನಾನು ಮಾಡಿದ್ದೇನೆ, ಉತ್ತರ ಕೊಡುತ್ತಾರೆ.

ಬಟಾಟೆ, ಮೊಟ್ಟೆಯ ಜಾಗಕ್ಕೆ

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ. ಊಟದಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ. ಜೋಳದ ರೊಟ್ಟಿಯಿಂದ ಊಟ ಶುರುಮಾಡುವ ನಮ್ಮ ಸೀಮೆಯವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಮೆತ್ತಗಿನ ಊಟಕ್ಕೆ ಅನುಮತಿ ಸಿಕ್ಕ ಮೇಲಿನ ಒಂದು ದಿನದ ಲೆಕ್ಕ ನೋಡಿ. 200 ಮಿಲಿ ಹಾಲಿನಲ್ಲಿ 6 ಗ್ರಾಂ, 50 ಗ್ರಾಂ ಪನೀರಿನಲ್ಲಿ 9, 30 ಗ್ರಾಂ ಹೆಸರುಬೇಳೆ ಬೇಯಿಸಿದ್ದರಲ್ಲಿ 7, ಒಣಗಿದ ಸೋಯಾ ತುಂಡು 20 ಗ್ರಾಂನಲ್ಲಿ 10, 100 ಗ್ರಾಂ ಮೊಸರಿನಲ್ಲಿ 3, 20 ಗ್ರಾಂ ಪುಟಾಣಿ ಹಿಟ್ಟಿನಲ್ಲಿ 4. ಒಟ್ಟು 39. ಉಳಿದ 21 ಗ್ರಾಂಗೆ ಹಾಲಿನ ಪ್ರೋಟೀನ್ ಪುಡಿ ಒಂದು ಅಳತೆ ಚಮಚ. ಪುಡಿ ಇಲ್ಲದೆ ಮೊದಲ ಕೆಲವು ತಿಂಗಳು ಜೈನ ಅಡುಗೆಯಿಂದ 60 ಮುಟ್ಟುವುದು ಬಹಳ ಕಷ್ಟ. ಪುಡಿಯ ಡಬ್ಬಿಯಲ್ಲಿ ಅಲ್ಬುಮಿನ್ ಅಥವಾ ಕೊಲಾಜೆನ್ ಎಂದಿದ್ದರೆ ನಮಗಲ್ಲ. ಮೊದಲನೆಯದು ಸಾಮಾನ್ಯವಾಗಿ ಮೊಟ್ಟೆಯದು, ಎರಡನೆಯದು ಪ್ರಾಣಿಯ ಚರ್ಮ, ಎಲುಬಿನದು.

ದ್ವಿದಳದ ನಿಯಮ ಪಾಲಿಸುವವರು, ಅಂದರೆ ಬೇಳೆಕಾಳಿನ ಜೊತೆ ಹಸಿ ಹಾಲು, ಮೊಸರು ಕೂಡಿಸದವರು, ಈ ಪಟ್ಟಿ ನೋಡಿ ಹೆದರಬೇಕಿಲ್ಲ. ಹೇಗೂ ದಿನಕ್ಕೆ ಐದಾರು ಸಲ ತಿನ್ನುವುದು. ಒಂದು ಹೊತ್ತಿಗೆ ಬೇಳೆ, ಇನ್ನೊಂದು ಹೊತ್ತಿಗೆ ಮೊಸರು ಎಂದು ಹಂಚಿದರೆ ಆಯಿತು. ಮೊಳಕೆ ಕಾಳು ತಿನ್ನಿ ಎಂದು ಪಟ್ಟಿಯಲ್ಲಿದ್ದರೆ, ಬಿಟ್ಟವರು ಅದೇ ಕಾಳನ್ನು ನೆನೆಸಿ ಬೇಯಿಸಿ ನುಣ್ಣಗೆ ಅರೆದು ತಿನ್ನಬಹುದು, ಪ್ರೋಟೀನ್ ಕಡಿಮೆಯಾಗುವುದಿಲ್ಲ. ಗಜ್ಜರಿಯ ಬದಲು ಕೆಂಪು ಕುಂಬಳ, ಪಪ್ಪಾಯಿ. ಬಟಾಟೆಯ ಬದಲು ಬೇಯಿಸಿದ ಬಾಳೆಕಾಯಿ, ಸೋರೆಕಾಯಿ. ಮೀನೆಣ್ಣೆಯ ಬದಲು ನಮ್ಮ ಅಗಸಿ ಚಟ್ನಿ, ಬಳ್ಳೊಳ್ಳಿ ಹಾಕದ್ದು.

ತಿಕೋಟಾ ಕಡೆಯವರಿಗೆ ಒಂದು ಕಿವಿಮಾತು. ಒಣದ್ರಾಕ್ಷಿ ನಮ್ಮ ಬೆಳೆ, ನಮ್ಮ ವ್ಯಾಪಾರ, ಮನೆಯಲ್ಲಿ ಡಬ್ಬಿ ತುಂಬಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಬೈಪಾಸ್ ಆದವರು ಒಂದು ಮುಷ್ಟಿ ಬಾಯಿಗೆ ಹಾಕಿದರೆ ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಬೆವರು, ಎದೆ ಬಡಿತ, ಭೇದಿ, ತಲೆಸುತ್ತು ಬರಬಹುದು. ಕಬ್ಬಿನ ಹಾಲು, ಪಾನಕ, ಹೋಳಿಗೆಯೂ ಹಾಗೆಯೇ.

ಉಪವಾಸ, ಏಕಾಶನ, ಆಯಂಬಿಲ್

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ ಬಂತೆಂದರೆ ಸುಮ್ಮನಿರಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಆಪರೇಷನ್ ಆದ ಮೊದಲ ವರ್ಷ ನೀರಿಲ್ಲದ ಉಪವಾಸ ಬೇಡ ಎಂದೇ ಡಾಕ್ಟರರು ಹೇಳುತ್ತಾರೆ. ರಂಜಾನ್ ರೋಜಾ ಹಿಡಿಯುವವರಿಗೂ ಇದೇ ಮಾತು ಹೇಳುತ್ತಾರೆ, ನಮ್ಮ ಊರಿನ ಡಾಕ್ಟರರಿಗೆ ಈ ಪ್ರಶ್ನೆ ಹೊಸದಲ್ಲ. ಆಮೇಲೆ ಕೂಡ ಉಪವಾಸಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿಯೇ ನಿರ್ಧರಿಸಬೇಕು. ಏಕಾಶನ ಮೇಲ್ನೋಟಕ್ಕೆ ಹಗುರ, ಈ ಜಠರಕ್ಕೆ ಅದೂ ಭಾರ. ಒಂದೇ ಹೊತ್ತಿನಲ್ಲಿ 60 ಗ್ರಾಂ ಪ್ರೋಟೀನ್ ಹಿಡಿಸಲು ಜಾಗವೇ ಇಲ್ಲ. ಆಯಂಬಿಲ್‌ನಲ್ಲಿ ಹಾಲು, ಮೊಸರು ಎರಡೂ ಇಲ್ಲ, ವರ್ಷಿತಪದಲ್ಲಿ ದಿನ ಬಿಟ್ಟು ದಿನ ಅನ್ನವೇ ಇಲ್ಲ. ಇವೆರಡನ್ನು ಆಪರೇಷನ್ ಆದವರು ತಾವಾಗಿಯೇ ಎತ್ತಿಕೊಳ್ಳಬಾರದು.

ಹಾಗಾದರೆ ತಪಸ್ಸೇ ಇಲ್ಲವೇ ಎಂದು ನನ್ನ ತಮ್ಮನ ಹೆಂಡತಿ ಒಬ್ಬ ಮಾತಾಜಿಯವರನ್ನು ಕೇಳಿದರು. ಬಾಹ್ಯ ತಪಸ್ಸು ಆರು, ಅನಶನ ಅದರಲ್ಲಿ ಒಂದು ಮಾತ್ರ, ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ ಎರಡನೆಯದು, ಅದನ್ನು ನೀನು ದಿನವೂ ಮಾಡುತ್ತೀಯಲ್ಲ ಎಂದರಂತೆ. ರಸಪರಿತ್ಯಾಗ ಮಾಡುವವರು ಹಾಲು, ಮೊಸರು ಬಿಡುವ ಬದಲು ಸಕ್ಕರೆ, ತುಪ್ಪ, ಎಣ್ಣೆ ಬಿಡಲು ಗುರುಗಳನ್ನು ಕೇಳಬಹುದು. ವಾರಕ್ಕೊಂದು ರಸ ಬಿಡುವ ಮನೆಗಳಲ್ಲಿ ಹಾಲು ಬಿಡುವ ದಿನ ಸೋಯಾ, ಬೇಳೆ ಹೆಚ್ಚಿಸಬೇಕು.

ವಾಂತಿ ನಿಲ್ಲದಿದ್ದರೆ

ಇದನ್ನು ಮಾತ್ರ ಮನೆಮಂದಿಯೆಲ್ಲ ಓದಬೇಕು. ಬಿ1 ವಿಟಮಿನ್ ನಮ್ಮ ಮೈಯಲ್ಲಿ ಕೆಲವೇ ವಾರಕ್ಕಾಗುವಷ್ಟು ಇರುತ್ತದೆ. ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿಯಾದರೆ ಅದು ಬೇಗ ಬರಿದಾಗುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಮಿದುಳಿಗೆ ಪೆಟ್ಟಾಗುತ್ತಿರುವ ಗುರುತು. ಅದು ಕಾಯುವ ಹೊತ್ತಲ್ಲ. ಹಳ್ಳಿಯಲ್ಲಾದರೆ ಹತ್ತಿರದ ದವಾಖಾನೆಗೆ ಹೋಗುತ್ತೇವೆ, ಅವರು ಗ್ಲೂಕೋಸ್ ಬಾಟಲಿ ಹಚ್ಚುತ್ತಾರೆ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿರುವ ಬಿ1 ಕೂಡ ಖರ್ಚಾಗಿ ಸ್ಥಿತಿ ಕೆಡಬಹುದು. ಆದ್ದರಿಂದ ಡಾಕ್ಟರ ಮುಂದೆ ಮೊದಲ ಮಾತೇ ‘ತೂಕದ ಆಪರೇಷನ್ ಆಗಿದೆ, ಥಯಾಮಿನ್ ಬೇಕೇ ನೋಡಿ’ ಎಂದಿರಲಿ. ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ತಡ ಮಾಡಬೇಡಿ.

ಪರೀಕ್ಷೆ ಮತ್ತು ಚೀಟಿ

ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ ರಕ್ತ ಪರೀಕ್ಷೆ, ಆಮೇಲೆ ಬದುಕಿರುವವರೆಗೆ ವರ್ಷಕ್ಕೊಮ್ಮೆ. ಬರೀ ಹಿಮೋಗ್ಲೋಬಿನ್ ಸಾಲದು. ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಅಲ್ಬುಮಿನ್ ಇರಲಿ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ, ಬಹುಪಾಲು ಮತ್ತೆ ಬರುತ್ತದೆ. ಹೆದರಿ ಸ್ವಂತ ಬುದ್ಧಿಯಿಂದ ಜಿಂಕ್ ಗುಳಿಗೆ ಹೆಚ್ಚಿಸಬೇಡಿ, ಜಿಂಕ್ ಹೆಚ್ಚಾದರೆ ತಾಮ್ರದ ಅಂಶ ಕಡಿಮೆಯಾಗಿ ಅದರಿಂದಲೂ ನರಕ್ಕೆ ತೊಂದರೆ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ, ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಮಕ್ಕಳಾಗಬೇಕಾದ ಹೆಣ್ಣುಮಕ್ಕಳು 12ರಿಂದ 18 ತಿಂಗಳು ಕಾಯಬೇಕು, ಗರ್ಭಿಣಿಯಾದ ಮೇಲೆ ಪರೀಕ್ಷೆಗಳು ಇನ್ನೂ ಬೇಗ ಬೇಗ ಆಗಬೇಕು. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲು ಕುಡಿಯುವ ಕೂಸಿಗೂ ಇರುವುದಿಲ್ಲ.

ನನ್ನ ತಮ್ಮನ ಹೆಂಡತಿ ಈಗ ಪರ್ಸಿನಲ್ಲಿ ಒಂದು ಚೀಟಿ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಯಾವ ಆಪರೇಷನ್, ಯಾವ ದಿನಾಂಕ, ಎಲ್ಲಿ ಆಯಿತು, ದಿನದ ಗುಳಿಗೆಗಳು, ನೋವಿನ ಗುಳಿಗೆ ಬೇಡ, ಥಯಾಮಿನ್ ಬಗ್ಗೆ ಒಂದು ಸಾಲು, ಜೆಲಟಿನ್ ಬೇಡ ಎಂಬ ಇನ್ನೊಂದು ಸಾಲು, ಮನೆಯವರ ಫೋನ್ ನಂಬರ್. ಅದರ ಜೆರಾಕ್ಸ್ ಒಂದು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೂ ಇದೆ.